ಶಿಬಿರಕ್ಕೆ ಹೊರಟ ಗಂಗಾಳ

ನಮ್ಮ ಮನೆಯವರಿಗೆ ಎರಡೇ ಅಳತೆಯ ಗಂಟು ಕಟ್ಟಲಿಕ್ಕೆ ಬರುತ್ತದೆ. ಒಂದು, ಹೊಲಕ್ಕೆ ಒಯ್ಯುವ ಬುತ್ತಿಯದು. ಸಂಜೆಯೊಳಗೆ ಅದರ ಅರಿವೆ ತೊಳೆದು ಹಗ್ಗದ ಮೇಲೆ ಬಿದ್ದಿರುತ್ತದೆ. ಇನ್ನೊಂದು, ಹೆಣ್ಣುಮಗಳನ್ನು ಗಂಡನ ಮನೆಗೆ ಕಳಿಸುವಾಗಿನದು. ಅದಕ್ಕೆ ಟ್ರ್ಯಾಕ್ಟರ್ ಬೇಕು. ಇವೆರಡರ ನಡುವೆ, ನಾಲ್ಕನೇ ಇಯತ್ತೆ ಮುಗಿಸಿದ ಒಬ್ಬ ಹುಡುಗಿ ಒಂದಿಷ್ಟು ದಿನ ಹೊರಗಿದ್ದು ತಿರುಗಿ ಮನೆಗೆ ಬರುವುದಕ್ಕೆ ಎಷ್ಟು ಕಟ್ಟಬೇಕು ಎಂಬುದು ನಮಗೆ ಯಾರಿಗೂ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂಬುದೂ ಗೊತ್ತಿರಲಿಲ್ಲ ಅನ್ನಿ.

ತೊಂಬತ್ತರ ದಶಕದ ಕೊನೆಯ ಮಾತು ಇದು. ನಾವಿರುವುದು ಬೈಲಹೊಂಗಲದಲ್ಲಿ. ನಮ್ಮ ಯಜಮಾನರದು ಪ್ಯಾಟಿಯಲ್ಲಿ ಕಾಳುಕಡಿಯ ಅಡತಿ ಅಂಗಡಿ. ನಾನು ಹೈಸ್ಕೂಲಿನಲ್ಲಿ ಇತಿಹಾಸ ಹೇಳುವ ಅಕ್ಕೋರು. ಮಗಳು ಪಲ್ಲವಿ. ಮನೆಯ ಮುಖ್ಯ ಮಂತ್ರಿ, ಹಣಕಾಸಿನ ಮಂತ್ರಿ, ಅಡಿಗೆಮನೆಯ ಮಂತ್ರಿ ಎಲ್ಲವೂ ಆಗಿದ್ದವರು ನಮ್ಮ ಅತ್ತೆ ಗಂಗವ್ವ. ಪಲ್ಲವಿ ಅವರನ್ನು ಆಯಿ ಎಂದು ಕರೆಯುತ್ತಿದ್ದಳು, ನಾನು ಅತ್ತಿ ಎನ್ನುತ್ತಿದ್ದೆ, ಓಣಿಯವರಿಗೆ ಅವರು ಸಾವುಕಾರ್ತಿ. ಗಂಗವ್ವ ಎಂಬ ಹೆಸರು ರೇಷನ್ ಕಾರ್ಡಿನಿಂದ ಹೊರಗೆ ಬಂದದ್ದೇ ಅಪರೂಪ.

ಈ ಶಿಬಿರದ ಮಾತು ಬರುವ ಮೊದಲು ಬ್ಯಾಸಗಿ ಸೂಟಿ ಅಂದರೆ ಅಜ್ಜನ ಊರು. ಅಲ್ಲಿಗೆ ಹೋಗುವ ಹುಡುಗರಿಗೆ ಸಾಮಾನು ಕಟ್ಟುವ ಪದ್ಧತಿಯೇ ಇರಲಿಲ್ಲ. ಮೈಮೇಲೊಂದು ಅಂಗಿ, ಕೈಚೀಲದಲ್ಲಿ ಇನ್ನೊಂದು. ಉಳಿದದ್ದು ಅಲ್ಲಿ ಸಿಕ್ಕೇ ಸಿಗುತ್ತಿತ್ತು. ಯಾರ ಚೊಣ್ಣ ಯಾರ ಸೊಂಟದ ಮೇಲಿದೆ ಅಂತ ಸೂಟಿ ಮುಗಿಯುವ ತನಕ ಯಾರೂ ಕೇಳುತ್ತಿರಲಿಲ್ಲ. ಆ ವರ್ಷ ಪಲ್ಲವಿಯ ಸಾಲೆಗೆ ಯಾರೋ ಬಂದು, ರಾಮದುರ್ಗದ ಒಂದು ವಸತಿ ಸಾಲೆಯಲ್ಲಿ ಹೆಣ್ಣುಹುಡುಗರಿಗೆ ಬೇಸಿಗೆ ಶಿಬಿರ ನಡೆಸುತ್ತೇವೆ, ಹಾಡು, ಚಿತ್ರ, ನಾಟಕ ಎಲ್ಲಾ ಕಲಿಸುತ್ತೇವೆ ಎಂದು ಹೇಳಿಹೋದರು. ಪಲ್ಲವಿ ಅವತ್ತಿನಿಂದ ಊಟ ಬಿಟ್ಟು ಶಿಬಿರದ ಜಪ ಹಿಡಿದಳು.

ಶಿಬಿರ ಅಂದಕೂಡಲೇ ನನ್ನ ತಲೆಗೆ ಬಂದದ್ದು ದಂಡು. ಏನು ಮಾಡಲಿ, ಇಪ್ಪತ್ತು ವರ್ಷ ಹೇಳಿದ ಪಾಠ ಅದು: ಇಂಥ ರಾಜ ಇಂಥ ಹೊಳೆಯ ದಂಡೆಗೆ ಶಿಬಿರ ಹೂಡಿದ, ಆನೆ, ಕುದುರೆ, ಒಂಟಿ, ಅಡಿಗೆಯವರು, ಅಗಸರು. ಎಷ್ಟೋ ದಂಡುಗಳು ವೈರಿಗಿಂತ ತಮ್ಮ ಸಾಮಾನಿನ ಭಾರಕ್ಕೇ ಸೋತವು ಎಂದು ನಾನು ಹುಡುಗರಿಗೆ ಬಹಳ ಗತ್ತಿನಿಂದ ಹೇಳುತ್ತೇನೆ. ಮಲಪ್ರಭೆಯ ದಂಡೆಗೆ ನನ್ನ ಮಗಳು ಹೊರಟಾಗ ಮಾತ್ರ ಆ ಪಾಠ ನನಗೇ ನೆನಪಾಗಲಿಲ್ಲ.

ಏನೇನು ತರಬೇಕು ಎಂಬುದನ್ನು ಪಲ್ಲವಿ ಬಾಯಿಪಾಠ ಮಾಡಿಕೊಂಡು ಬಂದಿದ್ದಳು. ಅರಿವಿ, ಹಾಸಿಗಿ, ಟಾರ್ಚು, ಸಾಬಾಣ, ಬಣ್ಣದ ಪೆನ್ಸಿಲ್ಲು. ಕೊನೆಗೆ, ಊಟದ ತಾಟು. "ತಾಟಿನ ಮ್ಯಾಲೆ ಹೆಸರು ಇರಾಕಬೇಕಂತವ್ವ. ಹೆಸರಿಲ್ಲದ್ದು ಕಳದ್ರ ಅವರು ಕೇಳೂದಿಲ್ಲಂತ." ಊಟ ಅಲ್ಲಿಯೇ ಕೊಡುತ್ತಾರೆ ಎಂಬುದನ್ನೂ ಹೇಳಿದಳು. ಅತ್ತೆ ಅಷ್ಟೊತ್ತಿಗೆ ಜೋಳದ ಹಿಟ್ಟು ಜರಡಿ ಹಿಡಿದಾಗಿತ್ತು.

"ಆಯಿ, ಅಲ್ಲೇ ಊಟ ಕೊಡ್ತಾರ."

"ಕೊಡ್ತಾರ. ಕೊಟ್ಟದ್ದು ಊಟ ಇರಬೇಕಲ್ಲ."

ಹೀಗಾಗಿ ಖಟಕ ರೊಟ್ಟಿ ತಾಟು ಇಡುವ ಅಡ್ಡಣಿಗೆಯಷ್ಟು ಎತ್ತರ ಎದ್ದವು. ಶೇಂಗಾ ಚಟ್ನಿ, ಅಗಸಿ ಚಟ್ನಿ, ಗುರೆಳ್ಳು ಚಟ್ನಿ ಮೂರಕ್ಕೂ ಬೇರೆ ಬೇರೆ ಡಬ್ಬಿ. ಒಂದರ ವಾಸನಿ ಒಂದಕ್ಕೆ ಹತ್ತಬಾರದಂತೆ. ಓಣಿಯ ಹೆಂಗಸರು ಸುದ್ದಿ ಕೇಳಿ ಬಂದರು. ಬರಿಗೈಲಿ ಬರುವ ಜಾತಿಯವರಲ್ಲ ಅವರು. ಒಬ್ಬಾಕೆ ಅಂಟಿನುಂಡಿ ತಂದಳು. ಅದು ಬಾಣಂತಿಗೆ ಕೊಡುವುದು ಎಂದು ನಾನು ಮೆಲ್ಲಗೆ ಹೇಳಿದೆ. "ಹೊರಗಿನ ನೀರು ಕುಡಿಯೋ ಕೂಸಿಗೂ ಗಟ್ಟಿ ಬೇಕಾಗತೈತಿ" ಎಂದು ಆಕೆ ನನ್ನನ್ನೇ ನೋಡಿದಳು, ಸಾಲಿ ಕಲಿತರೂ ಇಷ್ಟು ತಿಳಿಯಲಿಲ್ಲವೇ ಎಂಬಂತೆ. ಇನ್ನೊಬ್ಬಾಕೆ ಪಲ್ಲವಿಯನ್ನು ಹತ್ತಿರ ಕರೆದು, ಅಲ್ಲಿ ಹಿರಿಯರ ಮುಂದೆ ತಲೆ ಎತ್ತಿ ಮಾತಾಡಬೇಡ, ಬೆಳಿಗ್ಗೆ ಎಲ್ಲರಿಗಿಂತ ಮೊದಲು ಏಳು ಎಂದು ಬುದ್ಧಿ ಹೇಳಿ ಕಣ್ಣೊರೆಸಿಕೊಂಡಳು. ಚಿತ್ರ ಬಿಡಿಸಲಿಕ್ಕೆ ಹೋಗುವವಳಿಗೆ ಇದೆಲ್ಲಾ ಯಾಕೆ ಎಂದು ಪಲ್ಲವಿ ನನ್ನ ಮುಖ ನೋಡಿದಳು. ನಾನು ಟಾರ್ಚಿಗೆ ಸೆಲ್ಲು ಹಾಕುವ ಕೆಲಸದಲ್ಲಿ ಮಗ್ನಳಾದೆ.

ಇಷ್ಟರೊಳಗೆ ನಾನೊಂದು ಶಾಣ್ಯಾತನ ಮಾಡಿದೆ. ಪ್ಯಾಟಿಗೆ ಹೋಗಿ ಹಗುರಾದ ಒಂದು ಸ್ಟೀಲ್ ತಾಟು ತಂದೆ. ಭಾಂಡೆ ಅಂಗಡಿಯಲ್ಲಿ ಹೆಸರು ಕೊರೆಯುವ ಮಷೀನಿನ ಮುಂದೆ ಗದ್ದಲ ಇತ್ತು, ನಾಳೆ ಬಂದು ಹಾಕಿಸಿದರಾಯಿತು ಎಂದು ಹಂಗೇ ಮನೆಗೆ ಬಂದೆ. ಅತ್ತೆ ತಾಟು ತಿರುಗಿಸಿ ಮುರುಗಿಸಿ ನೋಡಿದರು.

"ಯಾರ ಹೆಸರ ಹಾಕಸ್ತಿ?"

"ಪಲ್ಲವಿದರಿ."

"ಹಾಕಸಂಗಿಲ್ಲ."

ಹೆಣ್ಣುಮಗಳ ಹೆಸರು ಭಾಂಡೆಯ ಮೇಲೆ ಬರುವುದು ಲಗ್ನದಲ್ಲಿ ಮಾತ್ರ. ಅದಕ್ಕೆ ಮೊದಲು ಆಕೆಯ ಹೆಸರು ಕೊರೆಸಿ, ತಾಟು ಕೈಯಾಗ ಕೊಟ್ಟು, ಹೊಸ್ತಿಲು ದಾಟಿಸಿದರೆ ಕೂಸನ್ನು ಕೊಟ್ಟು ಕಳಿಸಿದ ಲೆಕ್ಕವೇ ಆಗುತ್ತದೆ. ಇದು ಯಾವ ಪುಸ್ತಕದಲ್ಲೂ ಇಲ್ಲ, ನಾನು ಹುಡುಕಿದ್ದೇನೆ. ಆದರೆ ಅತ್ತೆ ಹಾಕಸಂಗಿಲ್ಲ ಅಂದರೆ ಹಾಕಸಂಗಿಲ್ಲ. ಹೊರಡುವ ದಿನ ಅವರು ಪಲ್ಲವಿಯನ್ನು ತಡೆದು ನಿಲ್ಲಿಸಲಿಕ್ಕೂ ಹೇಸುವವರಲ್ಲ ಎಂಬುದು ಪಲ್ಲವಿಗೂ ಗೊತ್ತಿತ್ತು. ಹೆಸರಿಲ್ಲದ ತಾಟು ಶಿಬಿರದವರು ಒಪ್ಪುವುದಿಲ್ಲ, ಹೆಸರಿನ ತಾಟು ಆಯಿ ಒಪ್ಪುವುದಿಲ್ಲ. ಮನೆಯಲ್ಲಿ ಈಗಾಗಲೇ ಇರುವ, ಯಾರದಾದರೂ ಹೆಸರಿರುವ ಭಾಂಡೆಯನ್ನೇ ಒಯ್ಯಲಿ ಎಂದು ತೀರ್ಮಾನವಾಯಿತು.

ಆಗ ನಾನು ಅಟ್ಟ ಹತ್ತಿದೆ. ನೋಡ್ರಿ, ಸವದತ್ತಿ ಸುತ್ತಮುತ್ತಲಿನ ಗುಡಿಗಳಿಗೆ ನಮ್ಮ ಹುಡುಗರನ್ನು ಕರೆದುಕೊಂಡು ಹೋಗಿ ಶಾಸನದ ಕಲ್ಲು ತೋರಿಸುತ್ತಿರುತ್ತೇನೆ. ಯಾರು ಕೊಟ್ಟರು, ಯಾರಿಗೆ ಕೊಟ್ಟರು, ಯಾವ ಪುಣ್ಯಕಾಲದಲ್ಲಿ ಕೊಟ್ಟರು. ಕೊನೆಗೆ ಇದನ್ನು ಅಳಿಸಿದವರಿಗೆ ಶಾಪ. ನಮ್ಮ ಅಟ್ಟದ ಭಾಂಡೆಗಳೂ ಅದೇ ಕ್ರಮದಲ್ಲಿ ಬರೆಸಿಕೊಂಡಿವೆ. ಇಂಥವರಿಂದ, ಇಂಥವರಿಗೆ, ಮದುವೆಯ ಸವಿನೆನಪಿಗಾಗಿ. ಶಾಪವೊಂದನ್ನು ಮಾತ್ರ ಕೊರೆಸಿರುವುದಿಲ್ಲ, ಅದನ್ನು ಕೊಟ್ಟವರೇ ವರ್ಷಕ್ಕೊಮ್ಮೆ ಬಂದು ಬಾಯಿಂದ ಹೇಳಿಹೋಗುತ್ತಾರೆ. ಈ ತಾಟು ನಾದಿನಿ ಕೊಟ್ಟದ್ದು, ಆಕೆ ಬಂದಾಗಲೆಲ್ಲ ಅದರಲ್ಲೇ ಉಣ್ಣುತ್ತಾಳೆ, ಕಳೆದರೆ ನನ್ನ ಗತಿ ಮುಗಿಯಿತು. ಆ ತಾಟು ಯಜಮಾನರ ಕಾಕಾ ಕೊಟ್ಟದ್ದು, ಅವರಿಗೆ ನಾವು ಅದನ್ನು ಬಳಸುವುದೇ ಇಲ್ಲ ಎಂಬ ಅನುಮಾನ ಮೊದಲಿಂದಲೂ ಇದೆ. ಒಂದೊಂದಕ್ಕೂ ಹಿಂದೆ ಒಬ್ಬೊಬ್ಬರು ನಿಂತು ನನ್ನನ್ನು ನೋಡುತ್ತಿದ್ದರು. ಅಷ್ಟು ಭಾಂಡೆಯೊಳಗೆ ಹುಡುಗಿಯ ಕೈಯಲ್ಲಿ ಧೈರ್ಯವಾಗಿ ಕೊಡುವಂಥದ್ದು ಒಂದೂ ಸಿಗಲಿಲ್ಲ.

ಮೈ ತುಂಬ ಧೂಳು ಮಾಡಿಕೊಂಡು ಕೆಳಗಿಳಿದಾಗ ಅಡಿಗೆಮನೆಯ ಹಲಗೆಯ ಮೇಲೆ ಬೋರಲು ಹಾಕಿದ್ದ ಕಂಚಿನ ಗಂಗಾಳ ಕಣ್ಣಿಗೆ ಬಿತ್ತು. ಸಣ್ಣದು, ಅಂಚು ಎತ್ತರ. ಅದರ ಮೇಲೆ ಉಳಿಯಿಂದ ಚುಕ್ಕಿ ಚುಕ್ಕಿಯಾಗಿ ಹೊಡೆದ ಒಂದೇ ಶಬ್ದ: ನೀಲವ್ವ. ನೀಲವ್ವ ಅಂದರೆ ನಮ್ಮ ಅತ್ತೆಯ ಅತ್ತೆ. ನಾವೆಲ್ಲ ಹಿರೇ ಅವ್ವ ಎನ್ನುವವರು. ನಾನು ಈ ಮನೆಗೆ ಬರುವ ಮೊದಲೇ ತೀರಿಕೊಂಡಿದ್ದರು. ಪಡಸಾಲೆಯಲ್ಲಿ ಅವರ ಫೋಟೋ ಇದೆ, ಕೆಳಗೆ ಲಿಂಗೈಕ್ಯ ನೀಲವ್ವ ಎಂದು ಬರೆಸಿದೆ. ಅತ್ತೆ ಸೋಮವಾರ ಒಪ್ಪತ್ತು ಮಾಡುತ್ತಾರೆ, ಆ ಒಂದು ಊಟಕ್ಕೆ ಮಾತ್ರ ಈ ಗಂಗಾಳ ಇಳಿಸುತ್ತಾರೆ. ತಮ್ಮ ಅತ್ತೆಯ ಮೇಲೆ ಎಷ್ಟು ಭಕ್ತಿ ಎಂದು ನಾನು ಮೆಚ್ಚಿಕೊಂಡಿದ್ದೆ, ನನ್ನಿಂದ ಇಂಥದ್ದು ಆಗದು ಎಂದೂ ಅಂದುಕೊಂಡಿದ್ದೆ.

"ಇದನ್ನ ಕೊಡೂಣೇನ್ರಿ ಅತ್ತಿ? ಹಿರೇ ಅವ್ವಾರದು. ಈಗ ಇದಕ್ಕ ಮಾಲಕರಂತ ಯಾರೂ ಇಲ್ಲ, ಯಾರೂ ಕೇಳಾಂಗಿಲ್ಲ."

ಅತ್ತೆ ರೊಟ್ಟಿ ಬಡಿಯುವುದು ನಿಲ್ಲಿಸಿದರು. ನನ್ನನ್ನು ನೋಡಲಿಲ್ಲ, ಗಂಗಾಳ ನೋಡಿದರು.

"ಮಾಲಕರು ಇಲ್ಲಂತ ಅಂದಮ್ಯಾಲೆ ಒಯ್ಯಲಿ ಬಿಡು" ಎಂದರು.

ಕಂಚು ಬಿದ್ದರೆ ಒಡೆಯುತ್ತದೆ ಎಂದು ಪಲ್ಲವಿಗೆ ನಾನು ಹೇಳಿದೆ. ಅತ್ತೆ ಹುಣಸಿಹಣ್ಣು ಹಚ್ಚಿ ತಿಕ್ಕಿ, ತಮ್ಮ ಹಳೆಯ ಇಳಕಲ್ ಸೀರೆಯ ತುಂಡಿನಲ್ಲಿ ಗಂಗಾಳ ಸುತ್ತಿ ಟ್ರಂಕಿನ ತಳಕ್ಕೆ ಇಟ್ಟರು. ಹೊರಡುವ ದಿನ ಯಜಮಾನರು ಟ್ರಂಕು ಎತ್ತಲಿಕ್ಕೆ ಹೋಗಿ ಸೊಂಟ ಹಿಡಿದುಕೊಂಡು ಕೂತರು. ಅಂಗಡಿಯ ಹಮಾಲರನ್ನೇ ಕರೆಸಬೇಕಾಯಿತು. ಮಗಳು ಹೋದಳು ಎಂಬ ದುಃಖಕ್ಕಿಂತ ಟ್ರಂಕು ಹೋಯಿತು ಎಂಬ ಸಮಾಧಾನವೇ ನನಗೆ ಹೆಚ್ಚಾಯಿತು ಅಂದರೆ ನೀವು ನನ್ನನ್ನು ತಾಯಿಯೋ ಅಲ್ಲವೋ ಎಂದು ನೋಡುತ್ತೀರಿ. ಇರಲಿ.

ಸೋಮವಾರ ಬಂತು. ಅತ್ತೆ ಪೂಜೆ ಮುಗಿಸಿ, ಗೋಡೆಗೆ ಒರಗಿ ಕೂತು, ಅಂಗೈ ಮೇಲೆ ಬಿಸಿ ರೊಟ್ಟಿ ಹಾಕಿಕೊಂಡು, ಅದರ ನಡುವೆ ಪುಂಡಿಪಲ್ಯ ಇಟ್ಟುಕೊಂಡು ಉಣ್ಣಲಿಕ್ಕೆ ಹತ್ತಿದರು. ಹೊಲದಲ್ಲಾದರೆ ಎಲ್ಲರೂ ಹಾಗೆಯೇ ಉಣ್ಣುತ್ತೇವೆ. ಮನೆಯಲ್ಲಿ, ಅಟ್ಟದ ತುಂಬ ತಾಟು ಇರುವಾಗ, ಅದೂ ಸಾವುಕಾರ್ತಿ.

"ತಾಟ ಕೊಡಲೇನ್ರಿ ಅತ್ತಿ?"

"ಬ್ಯಾಡ."

"ಹಿರೇ ಅವ್ವಾರ ಗಂಗಾಳ ಇಲ್ಲಂತ ಹಿಂಗ ಮಾಡ್ತೀರೇನ್ರಿ?"

"ಅದು ಆಕೀದಲ್ಲ" ಎಂದರು ಅತ್ತೆ. ರೊಟ್ಟಿ ಮುರಿದರು. "ನಂದು."

ಆಮೇಲೆ ಹೇಳಿದರು, ಬೇರೆ ಯಾರದೋ ಮನೆಯ ಸುದ್ದಿ ಹೇಳಿದ ಹಾಗೆ. ಸಂಗೊಳ್ಳಿಯ ತವರಿನಲ್ಲಿ ಅವರ ಹೆಸರು ನೀಲವ್ವ. ಲಗ್ನಕ್ಕೆ ಅಪ್ಪ ಗಂಗಾಳ ಮಾಡಿಸಿ ಮಗಳ ಹೆಸರು ಹೊಡೆಸಿ ಕೊಟ್ಟ. ಇಲ್ಲಿ ಬಂದು ನೋಡಿದರೆ ತಮ್ಮ ಅತ್ತೆಯ ಹೆಸರೂ ನೀಲವ್ವ. "ಒಂದ ಮನಿಯಾಗ ಇಬ್ಬರು ನೀಲವ್ವ ಹೆಂಗ ಇರಬೇಕು? ಮಗಾ ಹೇಣ್ತಿನ್ನ ಕರದ್ರ ಅವ್ವನ್ನ ಹೆಸರ ಹಿಡಿದು ಕರದಂಗ ಆಗತೈತಿ ಅಂದ್ರು. ಅಕ್ಕಿಕಾಳು ಹಾಕಿ ಗಂಗವ್ವ ಅಂತ ಮಾಡಿದ್ರು." ಆ ಕಾಲದಲ್ಲಿ ಗಂಡಸರು ಹೆಂಡತಿಯನ್ನು ಏ, ಇಕಿನ, ಎಲ್ಲಿ ಹ್ವಾದಿ ಎಂದು ಕರೆದಾರೇ ಹೊರತು ಹೆಸರು ಹಿಡಿದು ಕರೆದವರಲ್ಲ, ಯಾರೂ ಕರೆಯದ ಹೆಸರನ್ನು ಇಷ್ಟು ಕಾಳಜಿಯಿಂದ ಬದಲಿಸಿದ್ದರು. "ತವರಾಗ ಅಣ್ಣ ಇರೂತನಕಾ ನೀಲಾ ಅಂತಿದ್ದ. ಅಂವಾ ಹ್ವಾದ ಮ್ಯಾಲೆ ಆ ಹೆಸರಿನ್ಯಾಕಿ ಅದೊಂದು ಗಂಗಾಳದಾಗ ಉಳಿದಿದ್ಲು. ವಾರಕ್ಕೊಮ್ಮೆ ನೋಡತಿದ್ನಿ."

ನಾನು ತರಗತಿಯಲ್ಲಿ ಎಷ್ಟು ಸಲ ಹೇಳಿದ್ದೇನೆ: ಎರಡು ಶಾಸನದಲ್ಲಿ ಒಂದೇ ಹೆಸರು ಕಂಡರೆ ಇಬ್ಬರೂ ಒಬ್ಬರೇ ಎಂದು ತಿಳಿಯಬೇಡ್ರಿ, ಕಾಲ ನೋಡ್ರಿ, ಅಕ್ಷರ ನೋಡ್ರಿ, ವಿಚಾರಿಸ್ರಿ. ಪಡಸಾಲೆಯ ಫೋಟೋ ಮತ್ತು ಅಡಿಗೆಮನೆಯ ಗಂಗಾಳ ನಡುವೆ ಇದ್ದದ್ದು ಒಂದು ಬಾಗಿಲು. ಯಾರನ್ನು ವಿಚಾರಿಸಬೇಕಿತ್ತೋ ಅವರು ಆ ಬಾಗಿಲಲ್ಲೇ ದಿನಾ ಕೂಡುತ್ತಿದ್ದರು. ನನಗೆ ಬಹಳ ಕೆಟ್ಟನಿಸಿತು. ಗಂಗಾಳ ಒಡೆದು ಬಂದರೆ, ಅಥವಾ ಬಾರದೇ ಹೋದರೆ, ಏನು ಮಾಡಲಿ ಎಂಬುದೇ ಆಮೇಲಿನ ದಿನಗಳ ಚಿಂತೆಯಾಯಿತು. ಮಗಳು ಹೇಗಿದ್ದಾಳೋ ಎಂದು ಯಜಮಾನರು ಕೇಳಿದರೆ, ಕಂಚು ಬಿದ್ದರೆ ಒಡೀತದಲ್ಲ ಎಂದು ನಾನು ಉತ್ತರ ಕೊಟ್ಟ ಪ್ರಸಂಗವೂ ಆಯಿತು.

ರವಿವಾರ ಪಾಲಕರು ಬಂದು ಮಕ್ಕಳನ್ನು ನೋಡಿಹೋಗಬಹುದಿತ್ತು. ಅಂಗಡಿ ಬಿಟ್ಟು ಬರಲಾಗದು ಎಂದು ಯಜಮಾನರು ನನಗೇ ಹೋಗಿ ಬಾ ಎಂದರು. ಬಿಸಿಲಿಗೆ ಹೆದರಿ ಹೊಸ್ತಿಲು ದಾಟದ ಅತ್ತೆ, ನಾನು ಚಪ್ಪಲಿ ಹಾಕುವಷ್ಟರಲ್ಲಿ ಸೀರೆ ಉಟ್ಟು ತಯಾರಾಗಿ ನಿಂತಿದ್ದರು. "ಕೂಸಿನ್ನ ನೋಡಿ ಬರತೇನಿ" ಎಂದರು. ಯಾವುದನ್ನು ನೋಡಲಿಕ್ಕೆ ಹೊರಟಿದ್ದಾರೆಂದು ನನಗೆ ಗೊತ್ತಿತ್ತು, ನನಗೆ ಗೊತ್ತಿದೆ ಎಂದು ಅವರಿಗೂ ಗೊತ್ತಿತ್ತು. ಯರಗಟ್ಟಿಯಲ್ಲಿ ಬಸ್ಸು ಬದಲಿಸಿ, ರಾಮದುರ್ಗಕ್ಕೆ ಹೋಗಿ ಮುಟ್ಟುವ ಹೊತ್ತಿಗೆ ಹುಡುಗಿಯರ ಊಟದ ಸಮಯ.

ಅಲ್ಲಿ ಊಟದ ಪದ್ಧತಿ ಹೀಗಿತ್ತು. ತೊಳೆದ ತಾಟುಗಳನ್ನೆಲ್ಲ ಒಂದು ಕಡೆ ಒಟ್ಟಿರುತ್ತಾರೆ. ಶಿಬಿರದ ಅಕ್ಕ ಒಬ್ಬಾಕೆ ಒಂದೊಂದೇ ತಾಟು ಎತ್ತಿ ಅದರ ಮೇಲಿನ ಹೆಸರು ಓದುತ್ತಾಳೆ, ಆ ತಾಟಿನಾಕೆ ಎದ್ದು ಬಂದು ಇಸಿದುಕೊಂಡು ಪಂಗ್ತಿಗೆ ಹೋಗುತ್ತಾಳೆ. ಬೇವಿನ ಗಿಡದ ನೆರಳಿಗೆ ಕೂತು ನಾವು ನೋಡುತ್ತಿದ್ದೆವು.

"ಚನ್ನಬಸಪ್ಪ ಸಾವುಕಾರ" ಎಂದಳು ಆಕೆ. ಸಣ್ಣ ಸಣ್ಣ ಎರಡು ಜಡೆಯ, ಮುಂದಿನ ಹಲ್ಲು ಬಿದ್ದ ಹುಡುಗಿಯೊಬ್ಬಳು ಓಡಿ ಬಂದಳು. "ಮಹಾಂತೇಶ ಮತ್ತು ಶೋಭಾ ಇವರ ಲಗ್ನದ ನೆನಪಿಗಾಗಿ." ಇನ್ನೊಬ್ಬಳು ಬಂದಳು. "ಗ್ರಾಮ ಪಂಚಾಯತಿ ಅಧ್ಯಕ್ಷರಿಂದ." ಮತ್ತೊಬ್ಬಳು. ನಮ್ಮ ಅತ್ತೆಯ ಕಾಯಿದೆ ಕಿತ್ತೂರಿನಿಂದ ರಾಮದುರ್ಗದ ತನಕ ಎಲ್ಲ ಮನೆಗಳಲ್ಲೂ ಜಾರಿಯಲ್ಲಿತ್ತು ಎಂಬುದು ನನಗೆ ಆಗ ಗೊತ್ತಾಯಿತು. ಒಂದು ತಾಟಿನ ಮೇಲೂ ಉಣ್ಣುವಾಕೆಯ ಹೆಸರಿರಲಿಲ್ಲ. ಒಂದು ವಾರದಲ್ಲಿ ಹುಡುಗಿಯರು ತಮ್ಮ ಹೆಸರು ಮರೆತು ಒಬ್ಬರನ್ನೊಬ್ಬರು ತಾಟಿನ ಹೆಸರಿನಿಂದಲೇ ಕರೆಯಲಿಕ್ಕೆ ಹತ್ತಿದ್ದರು. "ಏ ಚನ್ನಬಸಪ್ಪ, ಸರಿಯವ್ವ ಆ ಕಡೆ" ಎಂದು ಒಬ್ಬಾಕೆ ಅಂದದ್ದಕ್ಕೆ ನಗು ತಡೆಯಲಾಗದೆ ನಾನು ಸೆರಗು ಬಾಯಿಗೆ ಇಟ್ಟುಕೊಂಡೆ.

"ನೀಲವ್ವ."

ಪಲ್ಲವಿ ಓಡಿಬಂದು ಗಂಗಾಳ ಇಸಿದುಕೊಂಡಳು. ನನ್ನ ಮಗ್ಗುಲಲ್ಲಿ ಅತ್ತೆ ಮೊಣಕಾಲ ಮೇಲೆ ಕೈ ಊರಿ ಅರ್ಧ ಎದ್ದಿದ್ದರು. ಹಾಗೇ ಒಂದು ಗಳಿಗೆ ನಿಂತು, ಮತ್ತೆ ಕೂತರು. "ಕಾಲು ಜೋಮು ಹಿಡಿದಾವ" ಎಂದರು. ನಾನು ಹೌದೆಂದೆ.

ಊಟ ಮುಗಿಸಿ ಪಲ್ಲವಿ ಬಂದಳು, ಬಿಸಿಲಿಗೆ ಕಪ್ಪಾಗಿದ್ದಳು, ಖುಷಿಯಾಗಿದ್ದಳು. ಖಟಕ ರೊಟ್ಟಿ ಮೊದಲ ಎರಡು ದಿನದಲ್ಲೇ ಇಡೀ ಶಿಬಿರ ತಿಂದು ಮುಗಿಸಿತ್ತು. ಅಂಟಿನುಂಡಿಯನ್ನು ಶಿಬಿರದ ಅಡಿಗೆಯಾಕೆ ತನ್ನ ಬಾಣಂತಿ ಮಗಳಿಗೆ ಕೇಳಿ ಒಯ್ದಿದ್ದಳು. ಅತ್ತೆ ಗಂಗಾಳ ತಿರುಗಿಸಿ ನೋಡಿ, ಸಾಬಾಣದ ಪುಡಿಯಿಂದ ತಿಕ್ಕಿದ್ದಕ್ಕೆ ಒಂದಿಷ್ಟು ಬೈದು, ತಿರುಗಿ ಪಲ್ಲವಿಯ ಕೈಗೇ ಕೊಟ್ಟರು. ಹೊರಡುವಾಗ ಗೇಟಿನ ತನಕ ಹುಡುಗಿಯರ ಹಿಂಡು ಪಲ್ಲವಿಯ ಬೆನ್ನು ಹತ್ತಿ ನೀಲವ್ವಾ, ನೀಲವ್ವಾ ಎಂದು ಒದರುತ್ತಿತ್ತು. ಅತ್ತೆ ನಿಧಾನಕ್ಕೆ ನಡೆದರು, ಅವಸರವೇ ಇಲ್ಲದವರ ಹಾಗೆ. ಹಾಂ, ಗಂಗಾಳ ಮುಂದೆ ಕ್ಷೇಮವಾಗಿ ಮನೆಗೆ ಬಂತು. ಕಳೆದದ್ದು ಟಾವೆಲ್ಲು ಮತ್ತು ಟಾರ್ಚು, ಅವು ಯಾರ ನೆನಪಿಗಾಗಿಯೂ ಇರಲಿಲ್ಲವಾದ್ದರಿಂದ ಯಾರೂ ಕೇಳಲಿಲ್ಲ.

ನಾನು ಹೇಳಬೇಕಾದದ್ದು ಅವತ್ತು ಯರಗಟ್ಟಿ ಬಸ್ ಸ್ಟ್ಯಾಂಡಿನಲ್ಲಿ ಆದದ್ದು. ಲಗ್ನದ ಸುಗ್ಗಿ, ಕಾಲಿಡಲು ಜಾಗವಿಲ್ಲ. ರಾಮದುರ್ಗದ ಬಸ್ಸಿನಿಂದ ಅತ್ತೆ ನನಗಿಂತ ಮೊದಲು ಇಳಿದು, ಗದ್ದಲದಲ್ಲಿ ಬೆಳಗಾವಿ ಬಸ್ಸಿನ ಕಡೆ ನಡೆದುಬಿಟ್ಟಿದ್ದರು. ನಾನು ಕಿಟಕಿಯಿಂದಲೇ "ಅತ್ತೀ" ಎಂದು ಕೂಗಿದೆ. ಅಲ್ಲಿ ನಿಂತಿದ್ದ ಹೆಂಗಸರಲ್ಲಿ ಅರ್ಧಕ್ಕರ್ಧ ಮಂದಿ ಯಾರಿಗಾದರೂ ಅತ್ತೆಯೇ. ಏಳೆಂಟು ಜನ ತಿರುಗಿದರು, ನಮ್ಮ ಅತ್ತೆ ತಿರುಗಲಿಲ್ಲ. ಇನ್ನೊಮ್ಮೆ ಕೂಗಿದೆ, ಮತ್ತೆ ಅದೇ ಏಳೆಂಟು ಜನ. ಅತ್ತೆ ಆ ಬೆಳಗಾವಿ ಬಸ್ಸಿನ ಮೆಟ್ಟಿಲಿಗೆ ಕಾಲಿಟ್ಟರು.

ಸೊಸೆಯಾದವಳು ಅತ್ತೆಯ ಹೆಸರು ಹಿಡಿದು ಕರೆಯುವುದು ನಮ್ಮ ಕಡೆ ಕನಸಿನಲ್ಲೂ ಇಲ್ಲ. ನಾನು ಉಸಿರು ಎಳೆದುಕೊಂಡು, "ನೀಲವ್ವಾ" ಎಂದು ಇಡೀ ಸ್ಟ್ಯಾಂಡಿಗೆ ಕೇಳುವ ಹಾಗೆ ಕರೆದೆ.

"ಓ" ಎಂದರು ಅತ್ತೆ. ತಿರುಗುವ ಮೊದಲೇ ಅಂದಿದ್ದರು. ಆಮೇಲೆ ತಿರುಗಿ, ಕರೆದವಳು ನಾನು ಎಂದು ಕಂಡು, ಮೆಟ್ಟಿಲು ಬಿಟ್ಟು ಬಂದರು.

"ಯಾಕ ಒದರ್ತಿ? ನಾ ಏನ ಕಿವುಡಿ ಏನು?"

"ತಪ್ಪಾತ್ರಿ ಅತ್ತಿ."

ಬೈಲಹೊಂಗಲದ ಬಸ್ಸು ನಿಲ್ಲುವ ಜಾಗ ತೋರಿಸಿದೆ, ಇಬ್ಬರೂ ಅಲ್ಲಿ ನಿಂತೆವು. ಸ್ವಲ್ಪ ಹೊತ್ತಾದ ಮೇಲೆ ಅತ್ತೆ ಸೆರಗು ಸರಿಮಾಡಿಕೊಂಡು, ನನ್ನನ್ನು ಬಿಟ್ಟು ಗದ್ದಲದೊಳಗೆ ಮತ್ತೆ ತುಸು ಮುಂದೆ ಹೋದರು, ಆ ಕಡೆ ಮುಖ ಮಾಡಿ ನಿಂತರು. ಅಲ್ಲಿ ನೋಡುವಂಥದ್ದೇನೂ ಇರಲಿಲ್ಲ. ನಮ್ಮ ಬಸ್ಸೂ ಇನ್ನೂ ಬಂದಿರಲಿಲ್ಲ. ಆದರೂ ನಾನು ಇನ್ನೊಮ್ಮೆ ಕರೆದೆ, ಅದೇ ಹೆಸರು ಹಿಡಿದು.